ನೈಟ್ರೇಟ್‌ನ ಲೆಕ್ಕ ನಳದಿಂದಲೇ ಶುರುವಾಗಬೇಕು

(ಕಲಬುರಗಿಯಲ್ಲಿ ಅಕ್ವೇರಿಯಂ ಮತ್ತು ಅಂಗಳದ ಕೊಳಗಳಲ್ಲಿ ಮೀನು ಸಾಕುವ ಆಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದಿದ್ದ ಪುನರುಕ್ತಿಗಳನ್ನು ತೆಗೆದು, ಲೆಕ್ಕಗಳನ್ನು ಇನ್ನೊಮ್ಮೆ ಮಾಡಿ ನೋಡಿ ಬರೆದಿದ್ದೇನೆ.)

ಆತ್ಮೀಯರೇ,

ಈ ಮೇಜಿನ ಮೇಲೆ ಮೂರು ಬಾಟಲಿ ನೀರಿದೆ. ಮೊದಲನೆಯದು ನನ್ನ ಮನೆಯ ನಳದ್ದು, ಎರಡನೆಯದು ಅದೇ ಓಣಿಯ ಬೋರ್‌ವೆಲ್‌ನದು, ಮೂರನೆಯದು ನನ್ನ ಅಕ್ವೇರಿಯಂನದು. ಮೂರೂ ತಿಳಿಯಾಗಿವೆ, ಯಾವುದರಲ್ಲೂ ವಾಸನೆಯಿಲ್ಲ. ಇವುಗಳಲ್ಲಿ ನೈಟ್ರೇಟ್, ಅಂದರೆ ನೀರಿನಲ್ಲಿ ಕರಗಿರುವ ಸಾರಜನಕದ ಲವಣ, ಹೆಚ್ಚಿರುವುದು ಯಾವುದರಲ್ಲಿ ಎಂದು ಆರಂಭದಲ್ಲಿ ಕೇಳಿದಾಗ ನಿಮ್ಮಲ್ಲಿ ಬಹುತೇಕರು ಅಕ್ವೇರಿಯಂ ಬಾಟಲಿಯ ಕಡೆ ಕೈ ತೋರಿಸಿದಿರಿ. ಮೀನಿನ ಮಲಮೂತ್ರ, ತಿನ್ನದೆ ಉಳಿದ ಕಾಳು, ಕೊಳೆತ ಎಲೆ ಎಲ್ಲವೂ ಸೇರುವುದು ಅಲ್ಲಿಯೇ ಆದ್ದರಿಂದ ಆ ಊಹೆ ಸಹಜವಾದದ್ದು. ಮೂರೂ ನೀರನ್ನು ಪ್ರನಾಳಗಳಿಗೆ ಹಾಕಿ, ಪರೀಕ್ಷಾ ಕಿಟ್‌ನ ಹನಿಗಳನ್ನು ಸೇರಿಸಿ ಐದು ನಿಮಿಷ ಕಾದ ಮೇಲೆ ಅವನ್ನು ಬಿಳಿ ಹಾಳೆಯ ಮುಂದೆ ಹಿಡಿದು ನೀವೇ ನೋಡಿದಿರಿ: ನಳದ ನೀರು ತಿಳಿಹಳದಿಯಲ್ಲಿ ನಿಂತಿತು, ಅಕ್ವೇರಿಯಂ ನೀರು ಕಿತ್ತಳೆಯಾಯಿತು, ಬೋರ್‌ವೆಲ್ ನೀರು ದಾಳಿಂಬೆ ಕಾಳಿನಂತೆ ಕೆಂಪಾಯಿತು. ಬಣ್ಣ ಕೆಂಪಾದಷ್ಟೂ ನೈಟ್ರೇಟ್ ಹೆಚ್ಚು. ನೈಟ್ರೇಟ್ ಹೆಚ್ಚಾದರೆ ನೀರು ಬದಲಿಸಿರಿ ಎಂಬ ಸಲಹೆಯನ್ನು ನಾವೆಲ್ಲ ಓದಿದ್ದೇವೆ. ಹೊಸದಾಗಿ ಹಾಕುವ ನೀರಿನಲ್ಲಿ ನೈಟ್ರೇಟ್ ಇರುವುದಿಲ್ಲ ಎಂಬ ನಂಬಿಕೆಯ ಮೇಲೆ ಆ ಸಲಹೆ ನಿಂತಿದೆ. ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ಅನೇಕ ಬಾವಿ ಮತ್ತು ಬೋರ್‌ವೆಲ್‌ಗಳ ಮಟ್ಟಿಗೆ ಆ ನಂಬಿಕೆ ನಿಜವಲ್ಲ.

ಮೊದಲು ನೈಟ್ರೇಟ್ ತೊಟ್ಟಿಯಲ್ಲಿ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡೋಣ. ಮೀನು ತಿಂದ ಪ್ರೋಟೀನಿನ ಸಾರಜನಕವು ಹೆಚ್ಚಾಗಿ ಕಿವಿರುಗಳ ಮೂಲಕ ಅಮೋನಿಯಾ ಆಗಿ ಹೊರಬರುತ್ತದೆ. ಫಿಲ್ಟರಿನ ಸ್ಪಂಜು, ಜಲ್ಲಿ, ಗೋಡೆಗಳ ಮೇಲೆ ಅಂಟಿಕೊಂಡು ಬದುಕುವ ಬ್ಯಾಕ್ಟೀರಿಯಾಗಳಲ್ಲಿ ಒಂದು ಗುಂಪು ಅದನ್ನು ನೈಟ್ರೈಟ್ ಆಗಿ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ರಷ್ಯದ ಸೆರ್ಗೆಯ್ ವಿನೊಗ್ರಾಡ್ಸ್ಕಿ 1890ರ ಸುಮಾರಿಗೆ ಈ ಜೀವಿಗಳನ್ನು ಬೇರ್ಪಡಿಸಿ ತೋರಿಸಿದರು. ಎರಡೂ ಹೆಜ್ಜೆಗಳನ್ನು ಒಬ್ಬಂಟಿಯಾಗಿಯೇ ಪೂರೈಸಬಲ್ಲ ನೈಟ್ರೋಸ್ಪೈರಾ ಎಂಬ ಬ್ಯಾಕ್ಟೀರಿಯಾಗಳಿವೆ ಎಂಬುದು ಗೊತ್ತಾದದ್ದು ತೀರ ಇತ್ತೀಚೆಗೆ, 2015ರಲ್ಲಿ. ಅಮೋನಿಯಾ ಮತ್ತು ನೈಟ್ರೈಟ್ ಮೀನಿಗೆ ಬೇಗನೆ ಕೇಡು ಮಾಡುವ ವಿಷಗಳು. ನಮ್ಮ ಭಾಗದ ನೀರು ಸುಣ್ಣದಂಶದಿಂದ ಗಡುಸಾಗಿ ಪಿಎಚ್ (ಆಮ್ಲ-ಕ್ಷಾರದ ಅಳತೆ) 8ರ ಆಸುಪಾಸಿನಲ್ಲಿ ಇರುವುದರಿಂದ ಅಮೋನಿಯಾದ ಅಪಾಯ ಇಲ್ಲಿ ಇನ್ನೂ ಹೆಚ್ಚು: 30 ಡಿಗ್ರಿ ಬಿಸಿಯ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ, ಪಿಎಚ್ 8 ಇದ್ದರೆ ಏಳು ಪಾಲಿನ ಹತ್ತಿರ. ಇವುಗಳ ಪಕ್ಕದಲ್ಲಿ ನೈಟ್ರೇಟ್ ಸೌಮ್ಯವಾದುದು. ಆ ಸೌಮ್ಯತೆಯ ಕಾರಣದಿಂದಲೇ ಅದನ್ನು ಯಾರೂ ಗಮನಿಸುವುದಿಲ್ಲ. ತಿಂಗಳುಗಟ್ಟಲೆ ಏರುತ್ತ ಹೋಗಿ ಮರಿಗಳ ಬೆಳವಣಿಗೆ ಕುಂಠಿತವಾದಾಗ, ಮೀನು ಮಂಕಾಗಿ ಮೂಲೆ ಹಿಡಿದಾಗ, ಗಾಜಿನ ಮೇಲೆ ಪಾಚಿ ಕಟ್ಟಿದಾಗ ಮಾತ್ರ ನಮಗೆ ನೆನಪಾಗುತ್ತದೆ.

ಇನ್ನು ಬೋರ್‌ವೆಲ್ ನೀರಿಗೆ ಅದು ಎಲ್ಲಿಂದ ಬಂತು? ಊರಂಚಿನ ತಿಪ್ಪೆಗುಂಡಿ, ತಳಕ್ಕೆ ಕಾಂಕ್ರೀಟು ಇಲ್ಲದ ಶೌಚದ ಗುಂಡಿ, ಬಚ್ಚಲ ನೀರು ಇಂಗುವ ಜಾಗ, ಹೊಲಕ್ಕೆ ಬೆಳೆ ಹೀರುವುದಕ್ಕಿಂತ ಹೆಚ್ಚು ಹಾಕಿದ ಯೂರಿಯಾ, ಇವೇ ಮುಖ್ಯ ಮೂಲಗಳು. ನೈಟ್ರೇಟ್ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುವುದಿಲ್ಲ, ನೀರು ಹೋದಲ್ಲಿಗೆ ತಾನೂ ಹೋಗುತ್ತದೆ. ಬೇಸಿಗೆಯಲ್ಲಿ ನಮ್ಮ ಎರೆ ಭೂಮಿ ಕೈ ತೂರುವಷ್ಟು ಬಿರುಕು ಬಿಟ್ಟಿರುವಾಗ ಬಿದ್ದ ಮೊದಲ ದೊಡ್ಡ ಮಳೆಯು ಆ ಬಿರುಕುಗಳ ಮೂಲಕವೇ ಆಳಕ್ಕೆ ಇಳಿಯುವುದರಿಂದ, ಒಣ ತಿಂಗಳುಗಳಲ್ಲಿ ಮೇಲ್ಮಣ್ಣಿನಲ್ಲಿ ಕೂಡಿದ್ದ ನೈಟ್ರೇಟನ್ನೂ ಒಯ್ಯುತ್ತದೆ. ಆದ್ದರಿಂದ ಬೋರ್‌ವೆಲ್ ನೀರನ್ನು ವರ್ಷಕ್ಕೆ ಒಮ್ಮೆ ಪರೀಕ್ಷಿಸಿದರೆ ಸಾಲದು; ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಹಿಡಿದು ಕೆಲವು ವಾರಗಳಾದ ಮೇಲೆ ಇನ್ನೊಮ್ಮೆ ನೋಡಬೇಕು.

ಮಳೆಗೂ ನೈಟ್ರೇಟ್‌ಗೂ ಇರುವ ಈ ಸಂಬಂಧವನ್ನು ಬೀದರಿನ ಕುಶಲಕರ್ಮಿಗಳು ತಮ್ಮದೇ ರೀತಿಯಲ್ಲಿ ಬಲ್ಲರು. ಬಿದ್ರಿ ಪಾತ್ರೆಯ ಸತುವಿನ ಮೈಗೆ ಕಪ್ಪು ಬರಿಸಲು ಅವರು ಕೋಟೆಯ ಹಳೆಯ ಕಟ್ಟಡಗಳ ಒಳಗಿನ, ಬಿಸಿಲು ಮಳೆ ಕಾಣದ ಮಣ್ಣನ್ನು ತಂದು ನವಸಾಗರದ (ಅಮೋನಿಯಂ ಕ್ಲೋರೈಡ್) ಜೊತೆ ಕಲಸಿ ಕುದಿಸುತ್ತಾರೆ. ಆ ಮಣ್ಣಿನಲ್ಲಿ ನೈಟ್ರೇಟ್ ಲವಣ, ಅಂದರೆ ಹಿರಿಯರು ಪೆಟ್ಲುಪ್ಪು ಎನ್ನುತ್ತಿದ್ದ ಪದಾರ್ಥ, ಇರುವುದನ್ನು ಬಿದ್ರಿಯ ಬಗ್ಗೆ ಬರೆದವರು ಗುರುತಿಸಿದ್ದಾರೆ. ಅಂಥ ಮಣ್ಣು ಬಯಲಿನಲ್ಲಿ ಸಿಗದೆ ಮಾಡಿನ ಕೆಳಗೆ ಮಾತ್ರ ಸಿಗುವುದೇಕೆಂದರೆ ಬಯಲಿನ ನೈಟ್ರೇಟನ್ನು ಮಳೆ ತೊಳೆದುಕೊಂಡು ಹೋಗಿರುತ್ತದೆ. ಹಾಗೆ ತೊಳೆದು ಹೋದದ್ದರಲ್ಲಿ ಒಂದು ಪಾಲು ನಮ್ಮ ಬಾವಿಗಳಲ್ಲಿದೆ.

ಪರೀಕ್ಷೆಯ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ತಪ್ಪಾಗುವುದು ಇಲ್ಲಿಯೇ. ದ್ರವದ ಕಿಟ್‌ಗಳು ನೈಟ್ರೇಟನ್ನು ನೇರವಾಗಿ ಅಳೆಯುವುದಿಲ್ಲ. ಹಲವು ಕಿಟ್‌ಗಳಲ್ಲಿ ಸತುವಿನ ನುಣ್ಣನೆಯ ಪುಡಿ ನೈಟ್ರೇಟನ್ನು ಮೊದಲು ನೈಟ್ರೈಟಿಗೆ ಇಳಿಸುತ್ತದೆ. ಆ ನೈಟ್ರೈಟ್ ಇತರ ರಾಸಾಯನಿಕಗಳೊಡನೆ ಸೇರಿ ಬಣ್ಣವಾಗುತ್ತದೆ. 19ನೆಯ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞ ಪೀಟರ್ ಗ್ರೀಸ್ ಹೆಸರಿನಲ್ಲಿರುವ ಕ್ರಿಯೆ ಇದು. ಸತುವಿನ ಪುಡಿ ದ್ರವದಲ್ಲಿ ಕರಗುವುದಿಲ್ಲ, ಬಾಟಲಿಯ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ನಾನು ಮೀನು ಸಾಕತೊಡಗಿದ ಮೊದಲ ವರ್ಷ ನಾಲ್ಕು ಗೋಲ್ಡ್‌ಫಿಶ್ ಇದ್ದ ತೊಟ್ಟಿಯನ್ನು ವಾರವಾರ ಪರೀಕ್ಷಿಸಿ, ನೋಟ್‌ಬುಕ್ಕಿನಲ್ಲಿ ಲೀಟರಿಗೆ 5 ಅಥವಾ 10 ಮಿ.ಗ್ರಾಂ ಎಂದು ಬರೆದುಕೊಳ್ಳುತ್ತಿದ್ದೆ. ಎರಡನೆಯ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕಬೇಕೆಂದು ಕಿಟ್‌ನ ಚೀಟಿಯಲ್ಲಿ ಓದಿದ್ದರೂ ಅದು ಔಪಚಾರಿಕ ಸೂಚನೆಯೆಂದು ಭಾವಿಸಿ ಎರಡು ಸಲ ಅಲುಗಿಸಿ ಬಿಡುತ್ತಿದ್ದೆ. ಮೀನುಗಳ ರೆಕ್ಕೆಯ ಅಂಚು ಕೆಂಪೇರಿ, ಮೇವಿಗೆ ಬರುವುದು ನಿಧಾನವಾದಾಗ ಒಂದು ದಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ: ತಳದಲ್ಲಿ ಬೂದು ಬಣ್ಣದ ಒಂದು ಗಡ್ಡೆ ಕೂತಿತ್ತು. ಅಂಗೈಗೆ ಬಡಿದು ಅದು ಒಡೆಯುವವರೆಗೆ ಕುಲುಕಿ ಮತ್ತೆ ಪರೀಕ್ಷಿಸಿದಾಗ ಬಂದ ಕೆಂಪು, ಹೋಲಿಸಿ ನೋಡುವ ಬಣ್ಣದ ಕಾರ್ಡಿನ ಕೊನೆಯ ಚೌಕಕ್ಕಿಂತ ಗಾಢವಾಗಿತ್ತು. ಒಂದು ವರ್ಷದ ಬರವಣಿಗೆಯೆಲ್ಲ ತಪ್ಪಾಗಿತ್ತು, ಅದರ ಬೆಲೆಯನ್ನು ಮೀನುಗಳು ತೆತ್ತಿದ್ದವು.

ಆದ್ದರಿಂದ ಬಾಟಲಿಯನ್ನು ಕುಲುಕುವುದರಲ್ಲಿ ಆತುರ ಬೇಡ. ಹನಿ ಹಾಕುವಾಗ ಬಾಟಲಿಯನ್ನು ನೆಟ್ಟಗೆ ತಲೆಕೆಳಗಾಗಿ ಹಿಡಿಯಿರಿ. ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ. ಹೇಳಿದಷ್ಟು ನಿಮಿಷ ಗಡಿಯಾರ ನೋಡಿ ಕಾಯಿರಿ. ಬಣ್ಣವನ್ನು ಟ್ಯೂಬ್‌ಲೈಟಿನಲ್ಲಿ ನೋಡದೆ ಹಗಲು ಕಿಟಕಿಯ ಪಕ್ಕದಲ್ಲಿ, ಬಿಸಿಲು ನೇರವಾಗಿ ಬೀಳದ ಕಡೆ ನೋಡಿರಿ. ತೊಟ್ಟಿಯಲ್ಲಿ ನೈಟ್ರೈಟ್ ಇದ್ದರೆ ಅದೂ ಅದೇ ಬಣ್ಣಕ್ಕೆ ಸೇರಿಕೊಂಡು ನೈಟ್ರೇಟ್ ಇರುವುದಕ್ಕಿಂತ ಹೆಚ್ಚೆಂದು ತೋರಿಸುವುದರಿಂದ, ಹೊಸ ತೊಟ್ಟಿಯಲ್ಲಿ ಮೊದಲು ನೈಟ್ರೈಟ್ ನೋಡುವುದು ಸರಿ. ಕಾರ್ಡಿನ ಕೊನೆಯ ಎರಡು ಕೆಂಪುಗಳನ್ನು ಬರಿಗಣ್ಣಿನಿಂದ ಬೇರ್ಪಡಿಸುವುದು ಯಾರಿಗೂ ಕಷ್ಟ. ಅಂಥ ಸಂದರ್ಭದಲ್ಲಿ ಒಂದು ಪಾಲು ತೊಟ್ಟಿಯ ನೀರಿಗೆ ಮೂರು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ಪರೀಕ್ಷಿಸಿ, ಬಂದ ಅಂಕಿಯನ್ನು ನಾಲ್ಕರಿಂದ ಗುಣಿಸಿರಿ. ಕಿಟ್ ಹಳೆಯದಾಗಿದೆ ಎಂಬ ಅನುಮಾನವಿದ್ದರೆ, ಕಾಲೇಜಿನ ಪ್ರಯೋಗಾಲಯದ ತಕ್ಕಡಿ ಸಿಗುವವರು 1.63 ಗ್ರಾಂ ಪೊಟ್ಯಾಸಿಯಂ ನೈಟ್ರೇಟನ್ನು ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿದರೆ ಲೀಟರಿಗೆ 1000 ಮಿ.ಗ್ರಾಂ ನೈಟ್ರೇಟ್ ಇರುವ ದ್ರಾವಣ ಸಿದ್ಧವಾಗುತ್ತದೆ; ಅದರ 20 ಮಿಲಿಯನ್ನು ಮತ್ತೆ ಒಂದು ಲೀಟರಿಗೆ ಏರಿಸಿದರೆ 20 ಮಿ.ಗ್ರಾಂ. ಕಿಟ್ ಅದನ್ನು 20 ಎಂದು ತೋರಿಸಬೇಕು. ಅದ್ದಿ ತೆಗೆಯುವ ಪಟ್ಟಿಗಳು ಅಂದಾಜಿಗೆ ಸಾಕು, ನಿರ್ಧಾರಕ್ಕೆ ಸಾಲವು. ನಮ್ಮ ಮಳೆಗಾಲದ ತೇವದಲ್ಲಿ ಡಬ್ಬಿಯ ಮುಚ್ಚಳ ಸಡಿಲವಾದರೆ ಅಂದಾಜಿಗೂ ಉಳಿಯುವುದಿಲ್ಲ.

ಇನ್ನೊಂದು ಗೊಂದಲವನ್ನು ಇಲ್ಲಿಯೇ ಬಿಡಿಸಬೇಕು. ಕೆಲವು ಕಿಟ್‌ಗಳು ಮತ್ತು ಪ್ರಯೋಗಾಲಯದ ವರದಿಗಳು ಇಡೀ ನೈಟ್ರೇಟನ್ನು ಲೆಕ್ಕ ಹಾಕುತ್ತವೆ, ಕೆಲವು ಅದರೊಳಗಿನ ಸಾರಜನಕವನ್ನು ಮಾತ್ರ. ಎರಡನೆಯದನ್ನು 4.43ರಿಂದ ಗುಣಿಸಿದರೆ ಮೊದಲನೆಯದು ಸಿಗುತ್ತದೆ. 10 ಎಂದು ಓದಿ ನಿಶ್ಚಿಂತೆಯಿಂದ ಇರುವವರ ನೀರಿನಲ್ಲಿ ನಿಜಕ್ಕೂ 44 ಇರಬಹುದು. ನಾನು ಇಂದು ಹೇಳುವ ಅಂಕಿಗಳೆಲ್ಲ ಇಡೀ ನೈಟ್ರೇಟಿನವು, ಲೀಟರಿಗೆ ಇಷ್ಟು ಮಿ.ಗ್ರಾಂ ಎಂಬ ಲೆಕ್ಕದವು. ಸಾಮಾನ್ಯ ಸಿಹಿನೀರಿನ ಮೀನುಗಳಿಗೆ 20ರೊಳಗೆ ಇದ್ದರೆ ಒಳ್ಳೆಯದು, 40 ದಾಟಬಾರದು; ಮರಿಗಳಿಗೂ ಸಿಗಡಿಗಳಿಗೂ ಇನ್ನೂ ಕಡಿಮೆ ಇರಬೇಕು. ಗಿಡಗಳಿರುವ ತೊಟ್ಟಿಯಲ್ಲಿ 10ರಿಂದ 20 ಇರುವುದು ಗಿಡಗಳಿಗೇ ಬೇಕು, ಸೊನ್ನೆ ಮಾಡುವ ಹಟ ಬೇಡ.

ಈಗ ಮೇವಿನ ಲೆಕ್ಕ. 100 ಲೀಟರಿನ ತೊಟ್ಟಿಗೆ ವಾರದಲ್ಲಿ 10 ಗ್ರಾಂ ಮೇವು ಹಾಕುತ್ತೀರಿ, ಅದರಲ್ಲಿ ನೂರಕ್ಕೆ 40 ಪ್ರೋಟೀನ್ ಇದೆ ಎಂದುಕೊಳ್ಳಿ. ಪ್ರೋಟೀನು 4 ಗ್ರಾಂ, ಅದರಲ್ಲಿ ಸಾರಜನಕ 0.64 ಗ್ರಾಂ. ಅದರ ಸುಮಾರು ಮುಕ್ಕಾಲು ಪಾಲು ಮೀನಿನ ಮೈಗೆ ಸೇರದೆ ನೀರಿಗೆ ಬರುತ್ತದೆ. ಗಿಡಗಳಿಲ್ಲದ ತೊಟ್ಟಿಯಲ್ಲಿ ಅದೆಲ್ಲ ನೈಟ್ರೇಟ್ ಆದರೆ ಎರಡು ಗ್ರಾಂ, ಅಂದರೆ ಲೀಟರಿಗೆ 20 ಮಿ.ಗ್ರಾಂ. ಮೀನು ಮೇಲಕ್ಕೆ ಬಂದು ಬಾಯಿ ತೆರೆಯಿತೆಂಬ ಕನಿಕರದಿಂದ ಹಾಕುವ ಇನ್ನೊಂದು ಚಿಟಿಕೆಯ ತೂಕ ಇದರಿಂದ ತಿಳಿಯುತ್ತದೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕುವುದು, ವಾರದಲ್ಲಿ ಒಂದು ದಿನ ಉಪವಾಸ ಬಿಡುವುದು, ಇವೆರಡಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

ನೀರು ಬದಲಿಸುವ ಲೆಕ್ಕ ಇದಕ್ಕಿಂತಲೂ ಮುಖ್ಯ. ವಾರಕ್ಕೆ 10 ಮಿ.ಗ್ರಾಂ ಏರುವ ತೊಟ್ಟಿಯಲ್ಲಿ ಪ್ರತಿ ವಾರ ಕಾಲು ಭಾಗ ನೀರು ಬದಲಿಸುತ್ತ ಹೋದರೆ, ಕೆಲವು ತಿಂಗಳ ನಂತರ ಅಂಕಿ ಒಂದು ಮಟ್ಟಕ್ಕೆ ನಿಲ್ಲುತ್ತದೆ: ಬದಲಿಸುವ ಮುಂಚೆ, ನೀವು ಹಾಕುವ ನೀರಿನ ನೈಟ್ರೇಟ್‌ಗಿಂತ 40 ಹೆಚ್ಚು, ಬದಲಿಸಿದ ಮೇಲೆ 30 ಹೆಚ್ಚು. ಅರ್ಧ ಭಾಗ ಬದಲಿಸಿದರೆ ಅವೇ ಅಂಕಿಗಳು 20 ಮತ್ತು 10 ಆಗುತ್ತವೆ. ನಳದ ನೀರಿನಲ್ಲಿ 5 ಇದ್ದರೆ ಅರ್ಧ ಭಾಗದ ಬದಲಾವಣೆಯಿಂದ ತೊಟ್ಟಿ 25 ದಾಟುವುದಿಲ್ಲ. ಬೋರ್‌ವೆಲ್ ನೀರಿನಲ್ಲಿ 45 ಇದ್ದರೆ ನೀವು ಎಷ್ಟೇ ದುಡಿದರೂ, ಎಷ್ಟೇ ಬಕೀಟು ಹೊತ್ತರೂ ತೊಟ್ಟಿ 45ರ ಕೆಳಗೆ ಇಳಿಯುವುದಿಲ್ಲ. ಭೀಮಾ ಮತ್ತು ಬೆಣ್ಣೆತೊರೆಯಿಂದ ಬರುವ ನಳದ ನೀರು ಕ್ಲೋರಿನ್ ವಾಸನೆಯದೆಂದು ಬಿಟ್ಟು ಮೀನಿಗೆ ಬೋರ್ ನೀರೇ ಸಿಹಿ ಎನ್ನುವವರು ನಮ್ಮಲ್ಲಿ ಅನೇಕರಿದ್ದಾರೆ. ಕ್ಲೋರಿನ್ ತೆಗೆಯುವುದು ಸುಲಭ, ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕದ ಕೆಲವು ಹನಿ ಸಾಕು. ನೈಟ್ರೇಟ್ ತೆಗೆಯುವುದು ಅಷ್ಟು ಸುಲಭವಲ್ಲ: ಕುದಿಸಿದರೆ ನೀರು ಆವಿಯಾಗಿ ಅದು ಇನ್ನಷ್ಟು ಸಾಂದ್ರವಾಗುತ್ತದೆ, ಪಟಿಕದಿಂದ ತಳಕ್ಕೆ ಕೂರುವುದಿಲ್ಲ, ಇದ್ದಿಲಿನ ಫಿಲ್ಟರ್ ಅದನ್ನು ಹಿಡಿಯುವುದಿಲ್ಲ.

ಬೋರ್ ನೀರು ಬಿಟ್ಟರೆ ಗತಿಯಿಲ್ಲ ಎನ್ನುವವರು ಆರ್‌ಓ (ನೀರು ಶುದ್ಧಮಾಡುವ ಯಂತ್ರದ) ನೀರನ್ನು ಬೆರೆಸಬಹುದು. 45 ಇರುವ ಬೋರ್ ನೀರಿಗೆ 5 ಇರುವ ಆರ್‌ಓ ನೀರನ್ನು ಸಮಪಾಲು ಸೇರಿಸಿದರೆ 25 ಆಗುತ್ತದೆ. ಬೋರ್ ನೀರಿನ ಗಡಸುತನ ಮೀನಿಗೆ ಬೇಕಾದ ಲವಣಗಳನ್ನೂ ಒದಗಿಸುತ್ತದೆ. ಬರೀ ಆರ್‌ಓ ನೀರಿನಲ್ಲಿ ಮೀನು ಬಿಡಬೇಡಿ. ಇಲ್ಲಿ ನಾನು ಹಲವು ಮನೆಗಳಲ್ಲಿ ಕಂಡ, ನೀರಿನ ಬಗ್ಗೆ ಕಾಳಜಿಯಿಂದಲೇ ಆಗುತ್ತಿರುವ ಒಂದು ತಪ್ಪನ್ನು ಹೇಳಲೇಬೇಕು. ಆರ್‌ಓ ಯಂತ್ರ ಹೊರಗೆ ಬಿಡುವ ನೀರು ವ್ಯರ್ಥವಾಗಬಾರದೆಂದು ಆ ಪೈಪನ್ನು ಅಂಗಳದ ಕೊಳಕ್ಕೆ ಬಿಟ್ಟಿರುತ್ತಾರೆ. ಮೂರು ಲೀಟರ್ ಬೋರ್ ನೀರಿನಿಂದ ಒಂದು ಲೀಟರ್ ಶುದ್ಧ ನೀರು ತೆಗೆದರೆ, ಉಳಿದ ಎರಡು ಲೀಟರಿನಲ್ಲಿ 45 ಇದ್ದದ್ದು 65 ಆಗಿರುತ್ತದೆ. ಆ ನೀರು ನೆಲ ಒರೆಸಲು, ಶೌಚಕ್ಕೆ ಬಳಕೆಯಾಗಲಿ. ಮೀನಿನ ಕೊಳಕ್ಕೆ ಬೇಡ.

ನೈಟ್ರೇಟ್ ಬಹಳ ಏರಿದೆ ಎಂದು ಗೊತ್ತಾದ ದಿನವೇ ಇಡೀ ನೀರನ್ನು ಬದಲಿಸುವುದೂ ಸರಿಯಲ್ಲ. ತಿಂಗಳುಗಟ್ಟಲೆ ಆ ನೀರಿಗೆ ಒಗ್ಗಿದ ಮೀನಿಗೆ ಒಮ್ಮೆಲೇ ಬೇರೆ ನೀರು ಬಂದರೆ ಆಘಾತವಾಗುತ್ತದೆ. ಬ್ಯಾಕ್ಟೀರಿಯಾಗಳು ಅಮೋನಿಯಾ ತಿನ್ನುವಾಗ ನೀರಿನ ಕ್ಷಾರವನ್ನೂ ಖರ್ಚು ಮಾಡುವುದರಿಂದ, ಬಹುಕಾಲ ಬದಲಿಸದ ತೊಟ್ಟಿಯ ಪಿಎಚ್ ಕುಸಿದು ಅಮೋನಿಯಾ ನಿರುಪದ್ರವಿ ರೂಪದಲ್ಲಿ ಕೂಡಿರಬಹುದು. ಕ್ಷಾರದ ಹೊಸ ನೀರು ಬಿದ್ದೊಡನೆ ಅದು ವಿಷವಾಗುತ್ತದೆ. ದಿನಕ್ಕೆ ಆರನೆಯ ಒಂದು ಭಾಗದಂತೆ ವಾರ ಹತ್ತು ದಿನ ಬದಲಿಸಿರಿ. ಶಹಾಬಾದಿನ ಫರಸಿ ಹಾಸಿದ ಕೊಳಗಳಲ್ಲಿ ಸುಣ್ಣಕಲ್ಲಿನ ಆಸರೆ ಇರುವುದರಿಂದ ಪಿಎಚ್ ಹೀಗೆ ಕುಸಿಯುವುದು ಅಪರೂಪ.

ಗಿಡಗಳ ವಿಷಯಕ್ಕೆ ಬಂದರೆ, ಮನಿ ಪ್ಲಾಂಟಿನ ಬಳ್ಳಿಯನ್ನು ತೊಟ್ಟಿಯ ಅಂಚಿಗೆ ಸಿಕ್ಕಿಸಿ ಬೇರು ಮಾತ್ರ ನೀರಿನಲ್ಲಿ ಇಳಿಬಿಟ್ಟರೆ ಅದು ಮೌನವಾಗಿ ಒಳ್ಳೆಯ ಕೆಲಸ ಮಾಡುತ್ತದೆ. ಕೊಳಕ್ಕೆ ಅಂತರಗಂಗೆ, ಜೊಂಡು, ಕೆಸು ಚೆನ್ನಾಗಿ ಒಗ್ಗುತ್ತವೆ. ಆದರೆ ಗಿಡ ಹೀರಿದ ನೈಟ್ರೇಟ್ ಗಿಡದಲ್ಲಿಯೇ ಇರುತ್ತದೆ ಎಂಬುದನ್ನು ಮರೆಯಬಾರದು: ಬೆಳೆದ ಅಂತರಗಂಗೆಯನ್ನು ವಾರವಾರ ಬುಟ್ಟಿಯಲ್ಲಿ ತೆಗೆದು ಗೊಬ್ಬರದ ಗುಂಡಿಗೆ ಹಾಕಿದರೆ ಮಾತ್ರ ಅದು ಕೊಳದಿಂದ ಹೊರಗೆ ಹೋದಂತೆ, ಅಲ್ಲಿಯೇ ಕೊಳೆಯಲು ಬಿಟ್ಟರೆ ಹೀರಿದ್ದೆಲ್ಲ ಮರಳುತ್ತದೆ. ಅದನ್ನು ಕೆರೆ, ಹಳ್ಳಗಳಿಗೆ ಎಸೆಯಬೇಡಿ, ಅಲ್ಲಿ ಹಬ್ಬಿದರೆ ತೆಗೆಯುವವರಿಲ್ಲ.

ಅಂಗಳದ ಕೊಳಕ್ಕೆ ನಮ್ಮ ಬೇಸಿಗೆಯೇ ದೊಡ್ಡ ಪರೀಕ್ಷೆ. ಮೇ ತಿಂಗಳಲ್ಲಿ ನನ್ನ ಕೊಳದ ನೀರು ವಾರಕ್ಕೆ ನಾಲ್ಕು ಬೆರಳು ಇಳಿಯುತ್ತದೆ. ಆವಿಯಾಗುವುದು ನೀರು ಮಾತ್ರ. ನೈಟ್ರೇಟ್, ಉಪ್ಪು ಎಲ್ಲ ಉಳಿಯುತ್ತವೆ. ಇಳಿದಷ್ಟನ್ನು ಬೋರ್ ನೀರಿನಿಂದ ತುಂಬುವವರು ನೀರು ಬದಲಿಸಿದೆವೆಂದು ತಿಳಿಯುತ್ತಾರೆ, ವಾಸ್ತವದಲ್ಲಿ ಪ್ರತಿ ಸಲವೂ ಸೇರಿಸುತ್ತಿದ್ದಾರೆ. ಮೊದಲು ಒಂದಷ್ಟು ಹಳೆಯ ನೀರನ್ನು ಹೊರತೆಗೆದು ಆಮೇಲೆ ತುಂಬಬೇಕು. ಹಾಗೆ ತೆಗೆದ ನೀರು ಮಲ್ಲಿಗೆಗೂ ಕರಿಬೇವಿಗೂ ಹೋಗಲಿ. 40 ಇರುವ 100 ಲೀಟರ್ ನೀರಿನಲ್ಲಿ ಎರಡು ಗ್ರಾಂ ಯೂರಿಯಾದಷ್ಟು ಸಾರಜನಕವಿದೆ. ಮಳೆಗಾಲದಲ್ಲಿ ತೋಟದ ಗೊಬ್ಬರದ ನೀರು ಕೊಳಕ್ಕೆ ಹರಿಯದಂತೆ ಅಂಚನ್ನು ಒಂದು ಗೇಣಾದರೂ ಎತ್ತರಿಸಿರಿ. ಮಾಳಿಗೆಯ ಮಳೆನೀರಿನಲ್ಲಿ ನೈಟ್ರೇಟ್ ಅತಿ ಕಡಿಮೆ. ಪಾರಿವಾಳದ ಹಿಕ್ಕೆ ತೊಳೆದು ಹೋಗುವವರೆಗೆ ಮೊದಲ ಮಳೆಯನ್ನು ಬಿಟ್ಟು ನಂತರದ್ದನ್ನು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯ ಬೆರಕೆ ನೀರು ಸಿಗದು. ಸೊಳ್ಳೆಮರಿ ತಿನ್ನಲೆಂದು ಗಪ್ಪಿ ಬಿಟ್ಟ ಕೊಳಕ್ಕೆ ಬೇರೆ ಮೇವು ಹಾಕದಿದ್ದರೆ ನೈಟ್ರೇಟ್ ಸಮಸ್ಯೆ ಬಹುಪಾಲು ಬರುವುದೇ ಇಲ್ಲ.

ವಿಷಯದಿಂದ ಅರ್ಧ ಹೆಜ್ಜೆ ಆಚೆ ಹೋಗಿ ಒಂದು ಮಾತು ಹೇಳಲು ಅನುಮತಿ ಕೊಡಿ. ಕುಡಿಯುವ ನೀರಿಗೆ ಐಎಸ್ 10500 ಎಂಬ ಭಾರತೀಯ ಮಾನದಂಡ ಹಾಕಿರುವ ಮಿತಿ ಲೀಟರಿಗೆ 45 ಮಿ.ಗ್ರಾಂ. ನೈಟ್ರೇಟ್ ಹೆಚ್ಚಿರುವ ಬಾವಿಯ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದ ಎಳೆಗೂಸುಗಳ ಮೈ ನೀಲಿಗಟ್ಟಿದ್ದನ್ನು ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ 1945ರಲ್ಲೇ ವರದಿ ಮಾಡಿದ್ದರು. ಮೀನಿಗಾಗಿ ಕೊಂಡ ಕಿಟ್‌ನಲ್ಲಿ ನಿಮ್ಮ ಬೋರ್ ನೀರು ಕೆಂಪಾದರೆ, ಆ ನೀರನ್ನು ಮನೆಯಲ್ಲಿ ಕುಡಿಯುತ್ತಿದ್ದರೆ, ಒಂದು ಬಾಟಲಿ ತುಂಬಿ ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿರಿ. ಆರು ತಿಂಗಳೊಳಗಿನ ಕೂಸಿರುವ ಮನೆಯಲ್ಲಿ ವರದಿ ಬರುವವರೆಗೆ ಬೇರೆ ನೀರು ಬಳಸಿರಿ.

ಕೊನೆಯಲ್ಲಿ ಒಬ್ಬ ಅಕ್ಕನವರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. "ತಾವರಿ ಕುಂಡಕ್ಕ ಸಗಣಿ ಗೊಬ್ಬರ ಹಾಕಿದ್ರೇನೇ ಹೂ ಬರ್ತದ ಸರ್, ಅದೇ ಕೊಳದಾಗ ಮೀನೂ ಅವ, ಏನ್ ಮಾಡ್ಬೇಕು?" ಎಂದರು. ಚೆನ್ನಾಗಿ ಕಳಿತ ಗೊಬ್ಬರವನ್ನು ಮಾತ್ರ, ಒಂದು ಹಿಡಿಯಷ್ಟು, ಕುಂಡದ ತಳದಲ್ಲಿಟ್ಟು ಅದರ ಮೇಲೆ ಒಂದು ಗೇಣು ಜಿಗುಟು ಎರೆಮಣ್ಣು ಒತ್ತಿ, ಮೇಲೆ ಜಲ್ಲಿ ಹಾಸಿ ನೀರಿಗೆ ಇಳಿಸಬೇಕು. ಇಳಿಸುವ ದಿನ ಒಮ್ಮೆ ಪರೀಕ್ಷಿಸಿ ಬರೆದಿಟ್ಟುಕೊಂಡು, ಮೂರನೆಯ ದಿನ ಅಮೋನಿಯಾವನ್ನೂ, ಹದಿನೈದನೆಯ ದಿನ ನೈಟ್ರೇಟನ್ನೂ ನೋಡಬೇಕು. ಅಂಕಿ ಏರಿದ್ದರೆ ಕುಂಡವನ್ನು ಎತ್ತಿ, ಹೂ ಮುಗಿಯುವವರೆಗೆ ಮೀನಿಲ್ಲದ ಬೇರೆ ತೊಟ್ಟಿಯಲ್ಲಿ ಇಡುವುದು ಒಳ್ಳೆಯದು.